ದಾರಿಗೆ ಅಡ್ಡ ನಿಂತ ಗಾಡಿ: ಕೊಯ್ಲಿಗೆ ಮುನ್ನ ಗಮನಿಸಬೇಕಾದ ಸಂಗತಿಗಳು

ಸಂಘದ ಸದಸ್ಯ ಬಂಧುಗಳಿಗೆ ಈ ಸಲ ಧಾರಣೆಯ ವಿಷಯವನ್ನಾಗಲಿ, ಗೊಬ್ಬರದ ದಾಸ್ತಾನಿನ ವಿಷಯವನ್ನಾಗಲಿ ಬರೆಯುತ್ತಿಲ್ಲ. ನಮ್ಮ ಮಾಲು ತೋಟದಿಂದ ಮನೆಗೆ, ಮನೆಯಿಂದ ಗೋದಾಮಿಗೆ, ಗೋದಾಮಿನಿಂದ ಭೀಮಸಮುದ್ರದ ಪೇಟೆಗೆ ಸಾಗುವ ದಾರಿಯ ವಿಷಯ ಬರೆಯಬೇಕಾಗಿದೆ. ಇನ್ನು ಕೆಲವೇ ದಿನಗಳಲ್ಲಿ ಕೊಯ್ಲು ಶುರುವಾದರೆ ಹೊಳಲ್ಕೆರೆ, ಹೊಸದುರ್ಗದ ರಸ್ತೆಗಳ ಮೇಲೆ ಹಗಲೂ ರಾತ್ರಿಯೂ ಹಸಿ ಅಡಿಕೆ ತುಂಬಿದ ಟ್ರ್ಯಾಕ್ಟರುಗಳೇ ಕಾಣುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಕೆಲಸಕ್ಕೇ ಹೊರಟಿದ್ದ ಟ್ರೇಲರೊಂದು ಹೊಸದುರ್ಗದ ರಸ್ತೆಯಲ್ಲಿ ರಾತ್ರಿ ಎಂಟರ ಸುಮಾರಿಗೆ ಅಚ್ಚು ಮುರಿದು ನಿಂತಿತು. ಚಾಲಕ ಅನುಭವಸ್ಥ, ಕುಡಿದವನಲ್ಲ. ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಪಕ್ಕದ ಬದುವಿನಿಂದ ಏಳೆಂಟು ಕಲ್ಲು ಹೊತ್ತು ತಂದು ಟ್ರೇಲರಿನ ಹಿಂದೆ ಸಾಲಾಗಿ ಇಟ್ಟ. ಜಾಲಿಯ ಕೊಂಬೆ ಮುರಿದು ಅಡ್ಡ ಹಾಕಿದ. ಫೋನು ಮಾಡಿ ನಮ್ಮನ್ನು ಕರೆಸಿದ. ನಾವು ಬೇರೊಂದು ಟ್ರೇಲರು ಒಯ್ದು, ಮಾಲು ಬದಲಾಯಿಸಿ, ಮುರಿದದ್ದನ್ನು ಎಳೆಸಿಕೊಂಡು ಹೊರಟಾಗ ಬೆಳಗಿನ ಜಾವ ನಾಲ್ಕು ಗಂಟೆ. ಒಂದು ಕಾಯಿಯೂ ನಷ್ಟವಾಗಲಿಲ್ಲವೆಂಬ ಸಮಾಧಾನದಲ್ಲಿ ಮನೆಗೆ ಬಂದು ಮಲಗಿದೆವು. ಆರು ಗಂಟೆಗೆ ಡೈರಿಗೆ ಹಾಲು ಹಾಕಲು ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದ ಪಕ್ಕದೂರಿನ ಹುಡುಗ ಆ ಕಲ್ಲುಗಳಿಗೆ ಎಡವಿ ಬಿದ್ದ. ಗಾಡಿ ತೆಗೆದಿದ್ದೆವು, ಕಲ್ಲು ತೆಗೆದಿರಲಿಲ್ಲ. ಹುಡುಗ ಬದುಕಿದ, ಬಲಗಾಲು ಇಂದಿಗೂ ನೆಟ್ಟಗಿಲ್ಲ. ಆತನ ತಂದೆ ನಮ್ಮ ಸದಸ್ಯರೇ. ಸಂಘದ ಮೆಟ್ಟಿಲು ಹತ್ತಿ ಬಂದಾಗಲೆಲ್ಲ ಅವರು ಎಂದಿನಂತೆಯೇ ಮಾತನಾಡಿಸುತ್ತಾರೆ. ನಮಗೇ ಅವರ ಮುಖ ನೋಡಲಾಗುವುದಿಲ್ಲ.

ಅಪಘಾತವೆಂದರೆ ನಾವು ಡಿಕ್ಕಿಯನ್ನು ಮಾತ್ರ ಎಣಿಸುತ್ತೇವೆ. ಆದರೆ ಡಿಕ್ಕಿಯಾದ ಮೇಲೆ, ಅಥವಾ ಗಾಡಿ ಕೆಟ್ಟು ನಿಂತ ಮೇಲೆ, ರಸ್ತೆ ಮತ್ತೆ ಮೊದಲಿನಂತಾಗುವವರೆಗಿನ ಹೊತ್ತಿದೆಯಲ್ಲ, ಅಪಾಯ ಇರುವುದು ಅಲ್ಲಿಯೂ ಹೌದು. ಅರ್ಧ ಗಂಟೆಯೋ ಎಂಟು ಗಂಟೆಯೋ, ಆ ಹೊತ್ತಿನಲ್ಲಿ ಎರಡನೆಯ ಅಪಘಾತ ಕಾದಿರುತ್ತದೆ. ಮೊದಲನೆಯದು ಯಾರದೋ ನಿದ್ದೆಗಣ್ಣಿನಿಂದ, ಯಾವುದೋ ಟೈರಿನಿಂದ ಆದದ್ದು. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ತಡೆಯುವುದು ಬಹುಪಾಲು ಸ್ಥಳದಲ್ಲಿರುವವರ ಕೈಯಲ್ಲಿದೆ. ಹಳ್ಳಿಗಾಡಿನ ರಸ್ತೆಯಲ್ಲಿ ಸ್ಥಳದಲ್ಲಿರುವವರು ಯಾರು? ಪಕ್ಕದ ತೋಟದವರು, ಪಕ್ಕದ ಹೊಲದವರು. ಅಂದರೆ ನಾವೇ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಮುಂದೇನೋ ನಿಂತಿದೆಯೆಂದು ಕಣ್ಣಿಗೆ ಬಿದ್ದು, ಬುದ್ಧಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ರಾತ್ರಿ ಹೊತ್ತು ಎರಡು ಸೆಕೆಂಡು ಹೋಗಿಬಿಡುತ್ತದೆ. ಅಷ್ಟರಲ್ಲಿ 44 ಮೀಟರು ಮುಗಿಯಿತು. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 50 ಮೀಟರಿನಷ್ಟು ಬೇಕು. ಒಟ್ಟು ನೂರು ಮೀಟರಿಗೆ ಹತ್ತಿರ. ಮಳೆ ಬಿದ್ದಿದ್ದರೆ, ಬರುವುದು ಅದಿರಿನ ಲಾರಿಯಾಗಿದ್ದರೆ, ಇನ್ನೂ ಹೆಚ್ಚು. ನಮ್ಮ ಚಾಲಕ ಕಲ್ಲು ಇಟ್ಟಿದ್ದು ಟ್ರೇಲರಿಗೆ ನಾಲ್ಕು ಮಾರು ಹಿಂದೆ. ಆ ಕಲ್ಲು ಕಾಣುವ ಹೊತ್ತಿಗೆ ಟ್ರೇಲರೂ ಕಾಣುತ್ತದೆ, ಎರಡೂ ಕಂಡು ಪ್ರಯೋಜನವಿಲ್ಲ. ಎಚ್ಚರಿಕೆಯ ಗುರುತು ಏನೇ ಇರಲಿ, ಅದು ಗಾಡಿಯಿಂದ ನೂರು ದೊಡ್ಡ ಹೆಜ್ಜೆ ಹಿಂದೆ ಇರಬೇಕು. ತಿರುವಿದ್ದರೆ ತಿರುವಿನ ಆಚೆಗೆ, ಏರಿದ್ದರೆ ಏರಿನ ಆಚೆಗೆ ಇಡಬೇಕು. ಎರಡೂ ಕಡೆಯಿಂದ ವಾಹನ ಬರುವ ರಸ್ತೆಯಾದರೆ ಮುಂದುಗಡೆಗೂ ಇನ್ನೊಂದು ಬೇಕು. ಕಲ್ಲು ಮಾತ್ರ ಬೇಡವೇ ಬೇಡ. ಕಲ್ಲಿಗೆ ಹೊಳಪಿಲ್ಲ, ಮೇಲೆ ಹತ್ತಿದರೆ ಮಣಿಯುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ಕೆಂಪು ತ್ರಿಕೋನ ಇಲ್ಲದಿದ್ದರೆ ಮರದ ಕೊಂಬೆಗೆ ಬಿಳಿ ಗೊಬ್ಬರದ ಚೀಲ ಕಟ್ಟಿ ನಿಲ್ಲಿಸಬಹುದು.

ಈಗ ನಮ್ಮದೇ ತಪ್ಪುಗಳಿಗೆ ಬರೋಣ. ಹೆದ್ದಾರಿಯ ಬಸ್ಸು ಲಾರಿಯವರನ್ನು ಬೈಯುವುದು ಸುಲಭ, ಆದರೆ ರಸ್ತೆಗೆ ಅಡ್ಡಿ ಮಾಡುವುದರಲ್ಲಿ ನಾವು ಬೆಳೆಗಾರರು ಹಿಂದೆ ಬಿದ್ದವರಲ್ಲ. ನಮ್ಮ ಟ್ರೇಲರುಗಳಲ್ಲಿ ಹಿಂದಿನ ದೀಪ ಉರಿಯುವಂಥವು ಎಷ್ಟಿವೆ? ಗೋದಾಮಿನ ಮುಂದೆ ನಿಂತು ಒಂದು ಸಂಜೆ ನೋಡಿದರೆ ಸಾಕು. ಎರಡು ಗೇಣು ರೇಡಿಯಂ ಪಟ್ಟಿ ಅಂಟಿಸಿದರೆ ಹಿಂದಿನವನ ದೀಪದ ಬೆಳಕಿಗೇ ಅದು ಹೊಳೆಯುತ್ತದೆ. ಒಂದು ಚೀಲ ಅಡಿಕೆಯ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ, ಆದರೂ ಅಂಟಿಸುವುದಿಲ್ಲ. ಚೇಣಿದಾರರ ಗಾಡಿಗಳ ಸ್ಥಿತಿ ಇನ್ನೂ ಕಷ್ಟ. ಮಾಲು ನಮ್ಮದಲ್ಲ ಎಂದು ನಾವು ಕೇಳುವುದಿಲ್ಲ, ಊರು ನಮ್ಮದಲ್ಲ ಎಂದು ಅವರು ಗಮನಿಸುವುದಿಲ್ಲ.

ಎರಡನೆಯದು ಅಡಿಕೆ ಸಿಪ್ಪೆ. ಸುಲಿಯುವ ಯಂತ್ರ ಬಂದ ಮೇಲೆ ಸಿಪ್ಪೆ ಒಂದೇ ಕಡೆ ರಾಶಿ ಬೀಳುತ್ತದೆ, ರಾತ್ರಿ ಅದು ರಸ್ತೆಯ ಪಕ್ಕಕ್ಕೆ ಸಾಗುತ್ತದೆ. ಅಲ್ಲಿ ಮಳೆಗೆ ನೆನೆದು ಡಾಂಬರಿನ ಮೇಲೆ ಹರಡಿದರೆ ಎರಡು ಚಕ್ರದ ಗಾಡಿಗೆ ಎಣ್ಣೆ ಸುರಿದಂತೆ. ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ; ಅದು ಉರಿಯುವುದಿಲ್ಲ, ವಾರಗಟ್ಟಲೆ ಹೊಗೆಯಾಡುತ್ತದೆ. ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಮಂಜಿಗೆ ಆ ಹೊಗೆ ಸೇರಿ ರಸ್ತೆಯ ಮೇಲೆ ಮಲಗಿದರೆ ಹತ್ತು ಮಾರು ಮುಂದೇನಿದೆಯೆಂದು ಕಾಣದು. ಅದೇ ಸಿಪ್ಪೆಯನ್ನು ಸಗಣಿ ಬಗ್ಗಡದ ಜೊತೆ ಕೊಳೆಸಿದರೆ ತೋಟಕ್ಕೆ ಗೊಬ್ಬರವಾಗುತ್ತದೆ, ಮರದ ಬುಡಕ್ಕೆ ಹಾಸಿದರೆ ತೇವ ಉಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಹೊಡೆಸಿ ತೋಟ ಉಳಿಸಿಕೊಂಡ ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿರಲಿಲ್ಲ.

ಇನ್ನು ಒಕ್ಕಣೆ. ಕಣ ಮಾಡುವ ಕಾಲ ಹೋಯಿತು. ರಾಗಿ, ಹುರುಳಿ ತಂದು ಡಾಂಬರು ರಸ್ತೆಗೆ ಹರವಿ ಬರುವ ಹೋಗುವ ವಾಹನಗಳಿಂದ ತುಳಿಸುತ್ತೇವೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡು, ಕಾರುಗಳೇ ಉರಿದ ನಿದರ್ಶನಗಳು ನಮ್ಮ ರಾಜ್ಯದಲ್ಲಿ ಆಗಿವೆ. ಒಕ್ಕಣೆ ಮುಗಿದ ಮೇಲೆ ಹುಲ್ಲು ಮನೆಗೆ, ಕಾಳು ಚೀಲಕ್ಕೆ. ಅಂಚಿಗೆ ಇಟ್ಟ ಕಲ್ಲು ಮಾತ್ರ ಅಲ್ಲೇ. ಮತ್ತೆ ಕಲ್ಲು!

ಈ ತಪ್ಪುಗಳು ಚಿಕ್ಕವೆಂದು ಕಾಣಬಹುದು. 2022ನೆಯ ಇಸವಿಯೊಂದರಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ದಿನಕ್ಕೆ 460ಕ್ಕೂ ಹೆಚ್ಚು. ನಮ್ಮ ಸೀಮೆಯ ಪಾಲೂ ಇದರಲ್ಲಿದೆ. ಪುಣೆ–ಬೆಂಗಳೂರು ಹೆದ್ದಾರಿ, ನಾವು ಹಿಂದೆ ನಾಲ್ಕನೆಯ ನಂಬರಿನ ರಸ್ತೆ ಎನ್ನುತ್ತಿದ್ದುದು, ಈಗ 48, ಹಿರಿಯೂರನ್ನೂ ಚಿತ್ರದುರ್ಗವನ್ನೂ ಹಾದು ಹೋಗುತ್ತದೆ. 2020ರ ಆಗಸ್ಟ್ 12ರಂದು ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿಯ ಬಳಿ ಬೆಂಕಿ ಹೊತ್ತಿ ಉರಿದು ಮೂವರು ಮಕ್ಕಳೂ ಸೇರಿ ಐವರು ಸತ್ತರು. 2025ರ ಡಿಸೆಂಬರ್ 25ರ ನಡುರಾತ್ರಿಯ ಮೇಲೆ ಅದೇ ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೈನರ್ ಲಾರಿಯೊಂದು ನಡುವಣ ವಿಭಜಕ ಹಾರಿ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಬಡಿಯಿತು. ಬೆಂಕಿಯಲ್ಲಿ ಹಲವರು ಮಲಗಿದಲ್ಲೇ ಹೋದರು.

ಬಸ್ಸು ಹೊತ್ತಿಕೊಂಡರೆ ಒಳಗಿನವರಿಗೆ ಇರುವುದು ಕೆಲವೇ ನಿಮಿಷ. ಅಗ್ನಿಶಾಮಕ ದಳ ಎಷ್ಟೇ ಬೇಗ ಹೊರಟರೂ ತಾಲ್ಲೂಕು ಕೇಂದ್ರದಿಂದ ಬರಬೇಕು. ಅದಕ್ಕೆ ಮೊದಲು ಓಡಿ ಬರುವವರು ರಸ್ತೆ ಬದಿಯ ತೋಟದ ಮನೆಯವರು. ಅಂಥವರು ತಿಳಿದಿರಬೇಕಾದ ಒಂದು ಸಂಗತಿ: ಬಸ್ಸಿನ ಮುಂದಿನ ಗಾಜು ಎರಡು ಪದರದ್ದು, ಬಡಿದರೆ ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಪಕ್ಕದ ಕಿಟಕಿಯ ಗಾಜು ಹಾಗಲ್ಲ. ಅದರ ಮೂಲೆಗೆ ಹಾರೆಯ ಮೊನೆಯಿಂದ ಕುಕ್ಕಿದರೆ ಪೂರ್ತಿ ಪುಡಿಯಾಗಿ ಬೀಳುತ್ತದೆ. ನಡುವೆ ಬಡಿದು ಶ್ರಮ ಕಳೆಯಬಾರದು. ಹಿಂಬದಿಯಲ್ಲೋ ಬಲಪಕ್ಕದಲ್ಲೋ ತುರ್ತು ಬಾಗಿಲು ಇರುತ್ತದೆ, ಅದನ್ನೂ ನೋಡಬೇಕು. ಡೀಸೆಲ್ ಉರಿಯುತ್ತಿದ್ದರೆ ಬಿಂದಿಗೆಯಲ್ಲಿ ನೀರು ಎರಚಬಾರದು. ನೀರಿನ ಮೇಲೆ ಎಣ್ಣೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ. ಮಣ್ಣು, ಮರಳು ಹಾಕಬೇಕು.

ಯಾವ ಅಪಘಾತವೇ ಆಗಲಿ, ಸ್ಥಳಕ್ಕೆ ಹೋದವರಲ್ಲಿ ಒಬ್ಬ ಮೊದಲು ಹಿಂದಕ್ಕೆ ಓಡಿ ಬರುವ ವಾಹನಗಳನ್ನು ತಡೆಯಬೇಕು. ಗಾಯಾಳುವಿನ ಹತ್ತಿರ ಹತ್ತು ಜನ ಸೇರುತ್ತಾರೆ, ಟಾರ್ಚು ಹಿಡಿದು ಹಿಂದೆ ನಿಲ್ಲಲು ಒಬ್ಬನೂ ಇರುವುದಿಲ್ಲ. ಹತ್ತು ಜನರ ಮೇಲೆ ಲಾರಿ ಬರುವುದು ಇದರಿಂದಲೇ. ಇನ್ನೊಬ್ಬ ಫೋನು ಮಾಡಬೇಕು: ಪೊಲೀಸು, ಅಗ್ನಿಶಾಮಕ ಎರಡಕ್ಕೂ 112. ಆಂಬುಲೆನ್ಸಿಗೆ 108; ನಮ್ಮ ರಾಜ್ಯದಲ್ಲಿ ಇದು 2008ರ ನವೆಂಬರಿನಿಂದ ಇದೆ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಟೋಲ್ ವಸೂಲು ಮಾಡುವವರು ಗಸ್ತಿನ ವಾಹನ, ಆಂಬುಲೆನ್ಸು, ಕ್ರೇನು ಇಟ್ಟಿರಬೇಕೆಂಬ ನಿಯಮವಿದೆ. ಆ ನಂಬರಿಗೆ ಹೇಳಿದರೆ ಅವು ಬರುತ್ತವೆ. ಟೋಲಿಗೆ ಗೊಣಗುವ ನಾವು ಇಷ್ಟನ್ನಾದರೂ ಕೇಳಿ ಪಡೆಯಬೇಕು. ವಿದ್ಯುತ್ ಕಂಬ ಮುರಿದಿದ್ದರೆ 1912ಕ್ಕೆ ತಿಳಿಸಿ, ಲೈನು ಆರಿಸಿದರೆಂದು ಖಚಿತವಾಗುವವರೆಗೆ ತಂತಿಯ ಹತ್ತಿರವೂ, ತಂತಿ ತಗುಲಿದ ಗಾಡಿಯ ಹತ್ತಿರವೂ ಸುಳಿಯಬಾರದು.

ಫೋನಿನಲ್ಲಿ ‘ನಮ್ಮೂರ ಗೇಟಿನ ಹತ್ತಿರ, ಹುಣಸೆ ಮರದ ತಿರುವಿನಲ್ಲಿ’ ಎಂದರೆ ಬೆಂಗಳೂರಿನಲ್ಲಿ ಕುಳಿತು ಉತ್ತರಿಸುವವರಿಗೆ ಏನು ತಿಳಿಯಬೇಕು? ಕಿಲೋಮೀಟರು ಕಲ್ಲಿನ ನಂಬರು ಹೇಳಬೇಕು. ಕಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ತಮ್ಮ ತೋಟದ ಎದುರಿನ ಕಲ್ಲಿನ ನಂಬರು ಯಾವುದೆಂದು ಪ್ರತಿಯೊಬ್ಬ ಸದಸ್ಯರೂ ಒಮ್ಮೆ ನೋಡಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳಿಗೂ ಗೊತ್ತಿರಲಿ.

ಗಾಯಾಳುವನ್ನು ಕೈಕಾಲು ಹಿಡಿದು ಮೂಟೆಯಂತೆ ಎತ್ತುವುದು, ಎಚ್ಚರವಿಲ್ಲದವನ ಬಾಯಿಗೆ ಸೋಡಾ ಸುರಿಯುವುದು, ಇವೆರಡೂ ನಮ್ಮಲ್ಲಿ ವಾಡಿಕೆ. ಎರಡೂ ಕೊಲ್ಲುತ್ತವೆ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಎತ್ತುವ ಎಳೆತಕ್ಕೇ ಜೀವಮಾನವಿಡೀ ಕೈಕಾಲು ಬಿದ್ದುಹೋಗಬಹುದು. ಎಚ್ಚರವಿಲ್ಲದವನ ಬಾಯಿಗೆ ಹಾಕಿದ ನೀರು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಬೆಂಕಿಯ ಭಯವಿಲ್ಲದಿದ್ದರೆ ಆಂಬುಲೆನ್ಸಿನವರು ಬರುವವರೆಗೆ ಅಲುಗಾಡಿಸದೆ, ರಕ್ತ ಸುರಿಯುವ ಜಾಗಕ್ಕೆ ಶುದ್ಧ ಟವೆಲು ಮಡಿಸಿ ಬಲವಾಗಿ ಒತ್ತಿ ಹಿಡಿಯುವುದೇ ದೊಡ್ಡ ಉಪಕಾರ.

ಇಷ್ಟೆಲ್ಲ ಮಾಡಲು ಹೋದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಹಳಬರಲ್ಲಿ ಇನ್ನೂ ಇದೆ. ನಮ್ಮಲ್ಲೂ ಇತ್ತು. ಆದರೆ ಕಾನೂನು ಬದಲಾಗಿದೆ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಅನ್ವಯಿಸಿತು. ಕರ್ನಾಟಕ ತನ್ನದೇ ಕಾಯಿದೆ ಮಾಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು: ಸದುದ್ದೇಶದಿಂದ ನೆರವಾದವರ ಮೇಲೆ ದಾವೆಯಿಲ್ಲ, ಹೆಸರು ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ಕೊಡಬೇಕು. ಆಸ್ಪತ್ರೆಯ ಬಾಗಿಲಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಲು ಒಬ್ಬ ತಿಳಿದವನಿದ್ದರೆ ಸಾಕು.

ಜಖಂ ಆದ ವಾಹನ ಕದಲಿಸುವ ಪ್ರಶ್ನೆ ಸ್ವಲ್ಪ ನಾಜೂಕಿನದು. ಕೆಟ್ಟು ನಿಂತ ಗಾಡಿಯಾದರೆ ಯಾರ ಅಪ್ಪಣೆಯೂ ಬೇಡ, ತಳ್ಳಿ ಪಕ್ಕಕ್ಕೆ ಹಾಕುವುದೇ ಮೊದಲ ಕೆಲಸ. ಸಾವುನೋವು ಆಗಿದ್ದರೆ ಪೊಲೀಸರಿಗೆ ಹೇಳಿ, ಅವರ ಮಾತಿನಂತೆ ನಡೆಯಬೇಕು. ಅಷ್ಟರಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದು, ಚಕ್ರ ನಿಂತ ಜಾಗಕ್ಕೆ ಸುಣ್ಣದ ಗುರುತು ಹಾಕಿಟ್ಟರೆ ತನಿಖೆಯವರಿಗೂ ಅನುಕೂಲ, ರಸ್ತೆಯೂ ಬೇಗ ತೆರವು. ಟ್ರ್ಯಾಕ್ಟರಿನಿಂದ ಎಳೆಯುವಾಗ ಸರಪಳಿಯನ್ನು ಕೆಳಗಿನ ಕೊಕ್ಕೆಗೇ ಹಾಕಬೇಕು. ಅಚ್ಚಿಗಿಂತ ಮೇಲೆ ಕಟ್ಟಿ ಜಗ್ಗಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ, ಚಾಲಕ ಅಡಿಗೆ ಸಿಗುತ್ತಾನೆ. ಎಳೆಯುವ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಕಿತ್ತು ಬಂದರೆ ಚಾಟಿಯಂತೆ ಹೊಡೆಯುತ್ತದೆ.

ಒಂದನ್ನು ಮಾತ್ರ ಎಂದಿಗೂ ಮುಟ್ಟಬಾರದು: ಉರುಳಿದ ಗ್ಯಾಸ್ ಟ್ಯಾಂಕರು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಹತ್ತಿರ ಪೆರ್ನೆಯಲ್ಲಿ ಉರುಳಿದ ಟ್ಯಾಂಕರಿನ ಅನಿಲ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳವರೇ ಬಲಿಯಾದರು. ಅಡಿಗೆ ಅನಿಲ ಗಾಳಿಗಿಂತ ಭಾರ. ನೀರಿನಂತೆ ತಗ್ಗಿಗೆ ಹರಿದು ಚರಂಡಿ, ಅಂಗಳ, ಕೊಟ್ಟಿಗೆ ಸೇರುತ್ತದೆ. ಒಲೆ ಆರಿಸಿ, ಸ್ವಿಚ್ಚು ಮುಟ್ಟದೆ, ಗಾಡಿ ಚಾಲೂ ಮಾಡದೆ, ಗಾಳಿ ಬರುವ ದಿಕ್ಕಿನ ಎತ್ತರಕ್ಕೆ ಮನೆಮಂದಿಯೆಲ್ಲ ನಡೆದು ಹೋಗಬೇಕು. ಫೋನು ಮಾಡುವುದೂ ದೂರ ಹೋದ ಮೇಲೆಯೇ.

ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೆ ಘಾಟಿಯ ಸಂಗತಿ ನಾವು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಮುಚ್ಚಿದ್ದನ್ನು ಅವರು ಕಂಡಿದ್ದಾರೆ. ಬಯಲು ಸೀಮೆಯ ನಮಗೆ ನೀರಿನ ಅಭ್ಯಾಸ ಕಡಿಮೆ. ಮಾರಿಕಣಿವೆಯ ಕಟ್ಟೆ 1907ರಲ್ಲಿ ಮುಗಿದದ್ದು, 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಜನ ಬಾಗಿನದ ಸಂಭ್ರಮದಲ್ಲಿದ್ದರು, ಅದು ಸಹಜ. ಆದರೆ ವೇದಾವತಿಯ ಪಾತ್ರದ ಆಸುಪಾಸಿನ ಯಾವ ಸೇತುವೆ ತಗ್ಗು, ಯಾವ ದಾರಿ ಮುಳುಗುತ್ತದೆ ಎಂದು ಕಣ್ಣಾರೆ ಕಂಡು ಹೇಳುವ ಹಿರಿಯರು ಊರಿನಲ್ಲಿ ಉಳಿದಿರಲಿಲ್ಲ. ಹರಿಯುವ ನೀರು ಒಂದು ಅಡಿ ಏರಿದರೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ದೊಡ್ಡದೂ ಕೊಚ್ಚಿಹೋಗುತ್ತದೆ. ಈಗ ಕಂಡವರು ತಮ್ಮೂರಿನ ಸೇತುವೆಯ ಕಂಬಕ್ಕೆ ಅಂದಿನ ನೀರಿನ ಮಟ್ಟವನ್ನು ಬಣ್ಣದಲ್ಲಿ ಗುರುತು ಮಾಡಿಡಬೇಕೆಂದು ಕೋರುತ್ತೇವೆ.

ಸಂಘದ ವತಿಯಿಂದ ಈ ಕೊಯ್ಲಿಗೆ ಗೋದಾಮಿನಲ್ಲಿ ಒಂದು ಪೆಟ್ಟಿಗೆ ಇಡಲಾಗಿದೆ. ಅದರಲ್ಲಿ ಆರು ಕೆಂಪು ತ್ರಿಕೋನ, ನಾಲ್ಕು ಟಾರ್ಚು, ಹೊಳೆಯುವ ಪಟ್ಟಿಯ ಎರಡು ಅಂಗಿ, ಸರಪಳಿ, ಹಾರೆ, ಬ್ಯಾಂಡೇಜು ಬಟ್ಟೆ, ಒಂದು ಗಟ್ಟಿ ಪೊರಕೆ ಇವೆ. ಪಕ್ಕದಲ್ಲಿ ಎರಡು ಚೀಲ ಮರಳು. ಪೊರಕೆ ಏಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ನಕ್ಕರು. ಒಡೆದ ಗಾಜನ್ನು ಗುಡಿಸಿ, ಚೆಲ್ಲಿದ ಎಣ್ಣೆಗೆ ಮರಳು ಹಾಕಿ, ಕೊನೆಯ ಕಲ್ಲನ್ನು ಬದುವಿಗೆ ಎಸೆದು, ರಸ್ತೆಯ ಮೇಲೆ ಎರಡೂ ಕಡೆ ನೂರು ಹೆಜ್ಜೆ ನಡೆದು ನೋಡಿ ಬರುವವರೆಗೆ ಕೆಲಸ ಮುಗಿದಂತಲ್ಲ ಎಂದು ನಾವು ಉತ್ತರ ಹೇಳಿದೆವು. ಸಂಘಕ್ಕೆ ಮಾಲು ತರುವ ಟ್ರೇಲರುಗಳಿಗೆ ರೇಡಿಯಂ ಪಟ್ಟಿಯನ್ನು ಗೋದಾಮಿನಲ್ಲೇ ಉಚಿತವಾಗಿ ಅಂಟಿಸಿಕೊಡಲಾಗುವುದು. ಪಟ್ಟಿ ಇಲ್ಲದ ಗಾಡಿಯನ್ನು ಕತ್ತಲಾದ ಮೇಲೆ ಆವರಣದಿಂದ ಹೊರಗೆ ಬಿಡುವುದಿಲ್ಲ. ಚೇಣಿದಾರರಿಗೂ ಇದೇ ನಿಯಮ.

ಪೆಟ್ಟಿಗೆಯ ಬೀಗದ ಕೈ ಹಗಲೂ ರಾತ್ರಿಯೂ ಕಾವಲುಗಾರನ ಬಳಿ ಇರುತ್ತದೆ. ಸದಸ್ಯರಲ್ಲದವರಿಗೂ ಕೊಡುವಂತೆ ಹೇಳಿದೆ. ಕಾರ್ಯದರ್ಶಿಯ ಅಪ್ಪಣೆ ಬೇಕಿಲ್ಲ, ಚೀಟಿಯೂ ಬೇಕಿಲ್ಲ. ಒಯ್ದವರು ತಂದಿಟ್ಟರೆ ಆಯಿತು.